ಏಳನೆಯ ಕೊಳವೆ

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಮೇಡಂ ನೂರ ಎಂಬತ್ತಾರನೆಯ ಎಪಿಸೋಡಿನಲ್ಲಿದ್ದರು. ಹತ್ತೂಕಾಲಿಗೆ ನೂರ ಎಂಬತ್ತೇಳಕ್ಕೆ ಹೋದರು. ಅವಳು ಹಾಸಿಗೆಯ ಮೇಲೆ ಬೋರಲು ಬಿದ್ದುಕೊಂಡು, ಲ್ಯಾಪ್‌ಟಾಪಿನ ಪರದೆಯಲ್ಲಿ, ಮೇಡಂ ಎಲ್ಲಿಯವರೆಗೆ ನೋಡಿದ್ದಾರೆಂದು ತೋರಿಸುವ ಆ ಸಣ್ಣ ಕೆಂಪು ಗೆರೆ ಇಷ್ಟಿಷ್ಟೇ ಉದ್ದವಾಗುವುದನ್ನು ನೋಡುತ್ತಿದ್ದಳು. ಧಾರಾವಾಹಿ ನೋಡುವ ಆ ಖಾತೆ ಮೇಡಂ ಅವರದು. ಮೇಡಂ ಎಂದರೆ ಅವಳ ಗೈಡ್. ಸಂಶೋಧನೆಗೆ ಸೇರಿದ ಎರಡನೆಯ ವರ್ಷ, ಎರಡು ವಾರ ಸರಿಯಾಗಿ ನಿದ್ದೆ ಮಾಡದೆ ಕಣ್ಣು ಕೆಂಪಗೆ ಮಾಡಿಕೊಂಡು ಲ್ಯಾಬಿಗೆ ಬಂದಿದ್ದವಳ ಕೈಗೆ ಒಂದು ಹಳದಿ ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟು, "ವಾರವೆಲ್ಲ ಕತ್ತೆ ಹಾಗೆ ದುಡೀತೀಯ, ಶನಿವಾರ ಭಾನುವಾರನಾದ್ರೂ ಮನುಷ್ಯರ ಹಾಗಿರು, ಏನಾದ್ರೂ ನೋಡು" ಎಂದಿದ್ದರು. ಖಾತೆ ತೆರೆದರೆ ಎರಡು ಬಾಗಿಲು. ಒಂದರ ಮೇಲೆ ‘ಮನೆ’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಅತಿಥಿ’. ಮನೆ ಎಂದರೆ ಒಂಟಿಯಾಗಿರುವ ಮೇಡಂ, ಅತಿಥಿ ಎಂದರೆ ಅವಳು. ಅತಿಥಿಯಾಗಿ ಬಂದವಳು ಅಡುಗೆಮನೆಗೆ ನುಗ್ಗಿ ಡಬ್ಬದ ಮುಚ್ಚಳ ತೆಗೆದು ನೋಡಬಾರದು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೂರು ವರ್ಷ ನೋಡಿರಲೂ ಇಲ್ಲ. ಈಗ ಹನ್ನೊಂದು ವಾರದಿಂದ ‘ಮನೆ’ಯ ಬಾಗಿಲು ತೆಗೆದು ನೋಡುತ್ತಿದ್ದಾಳೆ.

ಹನ್ನೊಂದು ವಾರದ ಹಿಂದೆ ಅವಳು ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು, ಎಪ್ಪತ್ತೆರಡು ಪುಟ, ಮೇಡಂ ಮೇಜಿನ ಮೇಲೆ ಇಟ್ಟಿದ್ದಳು. ಆ ಶುಕ್ರವಾರ ಅವರು "ಶನಿವಾರ ಭಾನುವಾರ ಕೂತು ಓದಿಬಿಡ್ತೀನಿ ಕಣಮ್ಮ" ಎಂದರು. ಮುಂದಿನ ಶುಕ್ರವಾರವೂ ಅದನ್ನೇ ಹೇಳಿದರು. ಮೂರನೆಯ ಶುಕ್ರವಾರದಿಂದ ಕೇಳುವುದಕ್ಕೆ ಅವಳಿಗೇ ನಾಚಿಕೆಯಾಗಿ, ಸ್ಟೇಪ್ಲರ್ ಕೇಳುವ ನೆಪದಲ್ಲಿ ಅವರ ಬಾಗಿಲಲ್ಲಿ ನಿಲ್ಲತೊಡಗಿದಳು. ಸ್ಟೇಪ್ಲರ್ ತನ್ನ ಮೇಜಿನ ಮೇಲೆಯೇ ಇದ್ದುದರಿಂದ ಅದನ್ನು ಡ್ರಾಯರಿನಲ್ಲಿ ಬಚ್ಚಿಟ್ಟು ಹೋಗಬೇಕಾಗಿತ್ತು. ಇಪ್ಪತ್ತೊಂಬತ್ತು ವರ್ಷದ ಹೆಂಗಸು, ಸ್ಟೇಪ್ಲರ್ ಬಚ್ಚಿಡುವುದು! ಮೇಡಂ ಸ್ಟೇಪ್ಲರ್ ಕೊಟ್ಟು, ಅವಳ ಮುಖ ನೋಡದೆ, "ಈ ವಾರ ಖಂಡಿತ" ಎನ್ನುತ್ತಿದ್ದರು. ಅವಳು "ಅಯ್ಯೋ, ನಿಧಾನಕ್ಕೆ ಓದಿ ಮೇಡಂ, ಏನ್ ಅವಸರ" ಎನ್ನುತ್ತಿದ್ದಳು. ಅವಸರವಿತ್ತು. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟ ಅವಧಿಯಲ್ಲಿ ಉಳಿದಿದ್ದುದು ಎರಡೇ ತಿಂಗಳು. ಆ ಅಧ್ಯಾಯ ಪಾಸಾದರೆ ಪ್ರಬಂಧ, ಇಲ್ಲದಿದ್ದರೆ ಐದು ವರ್ಷ ನೀರಿನಲ್ಲಿ ಹೋಮ. ನಿನ್ನೆ ಹನ್ನೊಂದನೆಯ ಶುಕ್ರವಾರ. ಮೇಡಂ ಈ ಸಲ ಒಂದು ಮಾತು ಹೆಚ್ಚು ಸೇರಿಸಿದ್ದರು: "ನೀನು ಈ ವಾರ ಏನೂ ಮಾಡ್ಬೇಡ. ಆರಾಮಾಗಿರು. ಓದೋ ಕಷ್ಟ ನನ್ನದು."

ಹಾಗಾಗಿ ಅವಳು ಆರಾಮಾಗಿದ್ದಳು. ಆರಾಮ ಎಂಬುದು ಎಷ್ಟು ಕಷ್ಟದ ಕೆಲಸ ಎಂದು ಮಾಡಿದವರಿಗೇ ಗೊತ್ತು. ಎದ್ದ ಕೂಡಲೇ ಹಲ್ಲುಜ್ಜಬಾರದು, ಚಹಾದ ಲೋಟ ತೊಳೆಯಬಾರದು, ಕೂದಲು ಹೇಗಿದೆಯೋ ಹಾಗೆ, ಪರದೆ ಅರ್ಧ ಎಳೆದಿರಬೇಕು. ಇದನ್ನೆಲ್ಲ ಅವಳು ಪಟ್ಟಿ ಹಾಕಿಕೊಂಡವಳಂತೆ ಮಾಡಿದಳು. ಅವಳಿಗೆ ಇಷ್ಟದ ಕಾರ್ಯಕ್ರಮಗಳು ಎರಡು. ಒಂದರಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ಎಂಟು ಜನ ಮುರಿದ ಕುರ್ಚಿ ಮೇಜುಗಳನ್ನು ರಿಪೇರಿ ಮಾಡುತ್ತಾರೆ, ವಾರಕ್ಕೊಬ್ಬರನ್ನು ಮನೆಗೆ ಕಳಿಸುತ್ತಾರೆ. ಹೋಗುವವರು ಉಳಿದವರನ್ನು ತಬ್ಬಿಕೊಂಡು, ತಾವು ಅಂಟಿಸಿದ ಕಾಲನ್ನು ಒಮ್ಮೆ ಸವರಿ ಹೋಗುತ್ತಾರೆ. ಆಗ ಅವಳು ಹೊದಿಕೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾಳೆ; ಸ್ವಂತ ಅಜ್ಜಿ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ಎಂದು ನೆನಪಾಗಿ ಮುಜುಗರವಾಗುತ್ತದೆ. ಇನ್ನೊಂದು, ಅಂಚೆ ಹಂಚುವ ಹೆಂಗಸೊಬ್ಬಳು ಕೊಲೆಗಳನ್ನು ಪತ್ತೆ ಹಚ್ಚುವ ಕಥೆ. ಇವಲ್ಲದೆ ಮೂರನೆಯದೊಂದು ಇತ್ತು, ಅದು ಯಾರಿಗೂ ಹೇಳುವಂಥದ್ದಲ್ಲ. ಮೇಡಂ ನೋಡುತ್ತಿದ್ದ ಮುನ್ನೂರು ಚಿಲ್ಲರೆ ಎಪಿಸೋಡಿನ ಕುಟುಂಬದ ಧಾರಾವಾಹಿಯನ್ನು ಅವಳೂ ಮೊದಲಿನಿಂದ ಶುರು ಮಾಡಿದ್ದಳು. ತನ್ನ ಎಪ್ಪತ್ತೆರಡು ಪುಟಕ್ಕಿಂತ ಅದರಲ್ಲಿ ಅಂಥದ್ದೇನಿದೆ ಎಂದು ನೋಡೋಣವೆಂದು ಹೊರಟವಳು ತೊಂಬತ್ತನೆಯ ಎಪಿಸೋಡಿನಲ್ಲಿ ಸಿಕ್ಕಿಬಿದ್ದಿದ್ದಳು. ಅದರಲ್ಲೊಬ್ಬಳು ಅತ್ತೆ, ಸೊಸೆಗೆ ಬಂದ ಒಂದು ಕಾಗದವನ್ನು ಅರವತ್ತು ಎಪಿಸೋಡಿನಿಂದ ಬೀರುವಿನಲ್ಲಿಟ್ಟುಕೊಂಡು ಕೂತಿದ್ದಾಳೆ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದು ಕಾದು ಅವಳು ಒಬ್ಬಳೇ ಕೂತು "ಹೇಳಿ ಸಾಯೇ ಮಾರಾಯ್ತಿ!" ಎಂದು ಕೂಗುವ ಮಟ್ಟಕ್ಕೆ ಬಂದಿದ್ದಳು. ಸಭೆಗಳಲ್ಲಿ ಮೇಡಂ, ತಾವು ನೋಡುವುದು ಹಿಮನದಿಗಳ ಸಾಕ್ಷ್ಯಚಿತ್ರ ಮಾತ್ರ ಎನ್ನುತ್ತಾರೆ.

ಹನ್ನೊಂದು ಗಂಟೆಗೆ ಅವಳ ಜತೆ ಕೋಣೆ ಹಂಚಿಕೊಂಡಿರುವ ನರ್ಸ್ ಪಾಳಿ ಮುಗಿಸಿ ಬಂದು ಬೂಟಿನ ಸಮೇತ ಮಂಚದ ಮೇಲೆ ಬಿದ್ದಳು.

"ಏನ್ ಡಾಕ್ಟ್ರೇ, ರಜಾನಾ?"

"ಆರಾಮ ತಗೋತಿದೀನಿ."

"ಮುಖ ನೋಡಿದ್ರೆ ಆಪರೇಷನ್ ಥಿಯೇಟರ್ ಹೊರಗೆ ಕೂತಿರೋರ ಥರ ಇದೆ. ಎಷ್ಟನೇ ಎಪಿಸೋಡಂತೆ ನಿಮ್ಮ ಮೇಡಮ್ಮು?"

"ನೂರ ಎಂಬತ್ತೇಳು."

"ಅಂದ್ರೆ ಓದ್ತಿಲ್ಲ."

"ಓದ್ತಿಲ್ಲ."

"ನೇರ ಹೋಗಿ ಕೇಳೋಕೇನ್ ಧಾಡಿ ನಿಂಗೆ? ನಮ್ಮಲ್ಲಿ ಪೇಷಂಟ್ ಕಡೆಯವ್ರು ಗಂಟೆಗೊಂದ್ಸಲ ಬಂದು ಕತ್ತಿನ ಪಟ್ಟಿ ಹಿಡಿದು ಕೇಳ್ತಾರೆ, ರಿಪೋರ್ಟ್ ಬಂತಾ ಬಂತಾ ಅಂತ. ಕೇಳ್ದೆ ಮೂಲೇಲಿ ಸುಮ್ನೆ ಕೂತಿರೋರು ಯಾರು ಗೊತ್ತಾ? ರಿಪೋರ್ಟಲ್ಲಿ ಏನಿದೆ ಅಂತ ಒಳಗೊಳಗೇ ಗೊತ್ತಿರೋರು." ಇಷ್ಟು ಹೇಳಿ ನರ್ಸ್ ಮಗ್ಗುಲು ತಿರುಗಿ, ಮರುಕ್ಷಣವೇ ಗೊರಕೆ ಹೊಡೆಯತೊಡಗಿದಳು.

ಅವಳು ಲ್ಯಾಪ್‌ಟಾಪಿನ ಧ್ವನಿ ತಗ್ಗಿಸಿದಳು. ಒಳಗೊಳಗೇ ಗೊತ್ತಿರುವುದಕ್ಕೆ ಏನಿದೆ? ಅಧ್ಯಾಯ ಚೆನ್ನಾಗಿದೆ. ಬರೆದವಳಿಗೆ ಗೊತ್ತಾಗುವುದಿಲ್ಲವೇ. ಸರೋವರದ ತಳದ ಕೆಸರು ಎಂದರೆ ಮನೆಯ ಮೂಲೆಯಲ್ಲಿ ಪೇರಿಸಿಟ್ಟ ಹಳೆ ಪತ್ರಿಕೆಗಳ ಕಟ್ಟಿನ ಹಾಗೆ, ಮೇಲಿನದು ಹೊಸದು, ಕೆಳಗೆ ಹೋದಷ್ಟೂ ಹಳೆಯದು. ಆ ಕೆಸರಿಗೆ ಒಂದರ ಕೆಳಗೊಂದರಂತೆ ಕೊಳವೆಗಳನ್ನು ಇಳಿಸಿ ಮೇಲೆತ್ತಿದರೆ, ಸಾವಿರಾರು ವರ್ಷ ಸುತ್ತಲಿನ ಗಿಡಮರಗಳಿಂದ ಹಾರಿ ಬಂದು ಬಿದ್ದ ಪರಾಗದ ಕಣಗಳು ಪದರ ಪದರವಾಗಿ ಸಿಗುತ್ತವೆ. ಒಂಬತ್ತು ಕೊಳವೆ, ನಾನೂರ ಮೂವತ್ತು ಸ್ಲೈಡು, ಒಂದೊಂದರಲ್ಲಿ ಮುನ್ನೂರು ಕಣ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಎಡಗೈಯಲ್ಲಿ ಎಣಿಸುವ ಗುಂಡಿ ಹಿಡಿದು, ಇದು ಮರದ್ದು ಟಿಕ್, ಇದು ಹುಲ್ಲಿನದು ಟಿಕ್ ಎಂದು ಮೂರು ವರ್ಷ ಎಣಿಸಿದ್ದಳು. ಒಂದು ಸಲ ಅಕ್ಕನ ಮದುವೆಯ ಊಟದ ಸಾಲಿನಲ್ಲಿ ಕೂತವರನ್ನು ನೋಡುತ್ತ ಅವಳ ಎಡಗೈ ಹೆಬ್ಬೆರಳು ತಾನಾಗಿ ಆಡತೊಡಗಿ, ಪಕ್ಕದಲ್ಲಿದ್ದ ಚಿಕ್ಕಮ್ಮ "ಏನೇ, ಬೆರಳಿಗೆ ವಾತವೇನೇ?" ಎಂದು ಕೇಳಿದ್ದರು. ಎಣಿಸಿದ್ದಕ್ಕೆ ಫಲ ಸಿಕ್ಕಿತ್ತು. ಎಲ್ಲ ಸರೋವರಗಳ ದಡದಲ್ಲೂ ಕಾಡು ನಿಧಾನವಾಗಿ ಸವೆಯುತ್ತ ಬರುತ್ತದೆ. ಅವಳ ಸರೋವರದಲ್ಲಿ ಮಾತ್ರ, ಏಳನೆಯ ಕೊಳವೆಯಲ್ಲಿ, ಸವೆದ ಕಾಡು ಮತ್ತೆ ಬೆಳೆದಿತ್ತು. ಇನ್ನೂರು ವರ್ಷ ಬೆಳೆದು ಆಮೇಲೆ ಒಮ್ಮೆಗೇ ಹೋಗಿತ್ತು. ಅಧ್ಯಾಯದ ಹೆಸರು ‘ಮರಳಿ ಬಂದ ಕಾಡು’. ಅಲ್ಲಿದ್ದ ಜನ ಯಾಕೋ ಊರು ಬಿಟ್ಟು ಹೋದರು, ಅವರು ಬಿಟ್ಟ ಹೊಲಗಳ ಮೇಲೆ ಮೊದಲು ಪೊದೆ, ಆಮೇಲೆ ಮರ ಬಂದವು ಎಂದು ಬರೆಯುವಾಗ ಅವಳಿಗೆ ಆ ಜನರ ಮುಖಗಳೇ ಕಂಡಿದ್ದವು. ವಿಜ್ಞಾನದ ಪ್ರಬಂಧದಲ್ಲಿ ಇಷ್ಟು ಚಂದದ ಪುಟಗಳು ಇರಬಹುದೇ ಎಂದು ತನಗೆ ತಾನೇ ಮೂರು ಸಲ ಓದಿಕೊಂಡಿದ್ದಳು.

ಮಧ್ಯಾಹ್ನ ಅಕ್ಕನ ಫೋನು ಬಂತು. ಅಕ್ಕ ಯಾವಾಗಲೂ ಪಾತ್ರೆ ತೊಳೆಯುತ್ತಲೇ ಫೋನು ಮಾಡುವವಳು. ಮಾತಿನ ನಡುವೆ ಯಾವುದೋ ಲೋಟ ಬೀಳುತ್ತದೆ. "ಅಲ್ವೇ, ಆ ನಿಮ್ಮ ಮೇಡಂಗೆ ಹೇಳು, ನಮ್ಮಕ್ಕ ಕೇಳ್ತಿದಾಳೆ ಅಂತ. ಅಮ್ಮ ಎದುರಿಗೆ ಸಿಕ್ಕಿದವ್ರಿಗೆಲ್ಲ ಇನ್ನೆರಡು ತಿಂಗ್ಳು ಇನ್ನೆರಡು ತಿಂಗ್ಳು ಅಂತ ಹೇಳ್ಕೊಂಡು ಬರ್ತಿದಾಳೆ. ನಿಮ್ಮ ಭಾವ ಕೇಳ್ತಾರೆ, ಕೆಸರು ಎಣಿಸೋದಕ್ಕೆ ಐದು ವರ್ಷ ಬೇಕಾ ಅಂತ." "ಕೆಸರಲ್ಲ ಅಕ್ಕಾ, ಪರಾಗ." "ಅದೇ. ಮುಗೀತಾ ಇಲ್ವಾ?" "ಮುಗ್ದಂಗೇ. ಮೇಡಂ ಓದ್ತಿದಾರೆ, ಈಗ ಓದ್ತಾನೇ ಇದಾರೆ." ಫೋನಿಟ್ಟು ನೋಡಿದರೆ ಮೇಡಂ ನೂರ ತೊಂಬತ್ತರಲ್ಲಿದ್ದರು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತನ್ನ ಜಾಗದಲ್ಲಿ ಬೇರೆ ಯಾರೋ ಕೂತು ಇದನ್ನೆಲ್ಲ ನೋಡುತ್ತಿರುವಂತೆ ಅನ್ನಿಸಿತು. ಕುರ್ಚಿ ರಿಪೇರಿಯವರಲ್ಲಿ ಒಬ್ಬ ಮುದುಕ ಅವತ್ತು ಮನೆಗೆ ಹೋದ. ಅವನು ಅಂಟು ಒಣಗುವವರೆಗೆ ಕಾಯಲಿಲ್ಲವಂತೆ. ಅವಳು ಬ್ರೆಡ್ಡು ತಿಂದು ಚೂರುಗಳನ್ನು ಹಾಸಿಗೆಯಿಂದ ಕೊಡವಿ ಮಲಗಿದಳು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮೇಡಂ ನೂರ ತೊಂಬತ್ತೇಳಕ್ಕೆ ಬಂದಿದ್ದರು. ಅವಳು ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಒಂದು ಸಂದೇಶ ಕಳಿಸಿದಳು: "ಮೇಡಂ ನಮಸ್ಕಾರ. ತೊಂದರೆ ಕೊಡ್ತಿದೀನಿ ಅನ್ಕೋಬೇಡಿ. ಅಧ್ಯಾಯ ನೋಡೋಕೆ ಆಯ್ತಾ?" ಕೆಂಪು ಗೆರೆ ನಿಂತಿತು. ಅಂದರೆ ಮೇಡಂ ಧಾರಾವಾಹಿ ನಿಲ್ಲಿಸಿ ಓದಿದರು. ಎರಡು ನಿಮಿಷದ ಮೇಲೆ ಉತ್ತರ ಬಂತು: "ಅದನ್ನೇ ಓದ್ತಾ ಇದೀನಮ್ಮ. ಅರ್ಧ ಆಯ್ತು." ಮತ್ತೆ ಕೆಂಪು ಗೆರೆ ಮುಂದಕ್ಕೆ ಚಲಿಸಿತು.

ಆಗ ಅವಳಿಗೆ ಉರಿಯಿತು. ನೆತ್ತಿಯಿಂದ ಅಂಗಾಲಿನವರೆಗೆ ಉರಿಯಿತು. ಓದದಿದ್ದರೆ ಓದಿಲ್ಲ ಅನ್ನಲಿ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ! ಖಾತೆಯ ಒಳಗೆ, ಕೆಳಗೆಲ್ಲೋ ಮೂಲೆಯಲ್ಲಿ, ‘ಎಲ್ಲ ಪರದೆಗಳಿಂದ ಹೊರಗೆ ಹಾಕು’ ಎಂಬ ಗುಂಡಿಯಿತ್ತು. ಅವಳು ಅದನ್ನು ಹಿಂದೆಯೂ ನೋಡಿದ್ದಳು, ಕಳೆದ ಮೂರು ವಾರ ಅದರ ಮೇಲೆ ಬೆರಳಿಟ್ಟು ತೆಗೆದಿದ್ದಳು. ಈಗ ಒತ್ತಿದಳು. ಊರಿನ ಇನ್ನೊಂದು ತುದಿಯಲ್ಲಿ, ತಾನು ಎಂದೂ ಒಳಗೆ ಹೋಗಿರದ ಒಂದು ಮನೆಯಲ್ಲಿ, ಟೀವಿಯೊಂದು ಅತ್ತೆಯ ಮಾತಿನ ನಡುವೆಯೇ ಕಪ್ಪಗಾಗುವುದನ್ನು ಕಲ್ಪಿಸಿಕೊಂಡು ಅವಳಿಗೆ ಬಹಳ ಸುಖವಾಯಿತು. ಸುಖ ಒಂದು ನಿಮಿಷವೂ ಉಳಿಯಲಿಲ್ಲ. ಅವರ ಪಾಸ್‌ವರ್ಡ್ ಗೊತ್ತಿರುವವಳು ಲೋಕದಲ್ಲಿ ತಾನೊಬ್ಬಳೇ ಎಂಬುದು ಆಗ ಹೊಳೆಯಿತು. ಫೋನು ಬಡಿದುಕೊಂಡಿತು.

"ನನ್ನ ಟೀವಿ ಆರಿಹೋಯ್ತು," ಎಂದರು ಮೇಡಂ. "ಪಾಸ್‌ವರ್ಡ್ ಕೇಳ್ತಿದೆ."

ಪಕ್ಕದ ಮಂಚದಲ್ಲಿ ನರ್ಸ್ ಎದ್ದು ಕೂತು, ಏನು ಎಂದು ಕೈಯಲ್ಲೇ ಕೇಳಿದಳು.

"ನೀನಾ?" ಎಂದರು ಮೇಡಂ.

"ಹೌದು ಮೇಡಂ."

"ಎಷ್ಟು ದಿನದಿಂದ ನೋಡ್ತಿದೀಯ, ನಾನು ನೋಡೋದನ್ನ?"

"ಹನ್ನೊಂದು ವಾರ."

ಬೈಗುಳಕ್ಕೆ ಅವಳು ಬೆನ್ನು ಕೊಟ್ಟು ಕೂತಿದ್ದಳು. ಮೇಡಂ ಅಂದದ್ದು ಇಷ್ಟೇ: "ಲ್ಯಾಬಿಗೆ ಬಾ. ನಾನೂ ಬರ್ತೀನಿ."

ದಾರಿಯುದ್ದಕ್ಕೂ ಅವಳು ಕ್ಷಮಾಪಣೆಯ ಮಾತುಗಳನ್ನು ಜೋಡಿಸಿದಳು. ಮೇಡಂ, ಬುದ್ಧಿ ಇರಲಿಲ್ಲ. ಮೇಡಂ, ನಿದ್ದೆ ಇರಲಿಲ್ಲ. ಬಸ್‌ಸ್ಟಾಪಿನಲ್ಲಿ ಇಬ್ಬರು ಹುಡುಗಿಯರು ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿಕೊಂಡು ನಗುತ್ತಿದ್ದರು. ಯಾರಿಗೋ ವಾರಾಂತ್ಯ ಎಂದರೆ ಇದೇ ಇರಬಹುದು ಎನಿಸಿತು. ಭಾನುವಾರದ ಕಟ್ಟಡದಲ್ಲಿ ಕಾವಲಿನವನು ಅವಳ ಗುರುತಿನ ಚೀಟಿಯನ್ನು ಐದು ವರ್ಷದಿಂದ ನೋಡುತ್ತಿದ್ದರೂ ಮತ್ತೊಮ್ಮೆ ತಿರುಗಿಸಿ ನೋಡಿದ. ಕಾರಿಡಾರಿನ ದೀಪಗಳು ಅವಳು ನಡೆದಂತೆ ಒಂದೊಂದಾಗಿ ಹತ್ತಿಕೊಂಡವು. ಕೆಸರಿನ ಕೊಳವೆಗಳನ್ನು ತಣ್ಣಗೆ ಇಡುವ ಕೋಣೆಯ ಬಾಗಿಲು ತೆರೆದಿತ್ತು. ಮೇಡಂ ಮನೆಯ ಬಟ್ಟೆಯಲ್ಲೇ ಬಂದಿದ್ದರು. ಕಾಲಲ್ಲಿ ರಬ್ಬರ್ ಚಪ್ಪಲಿ. ಆ ಚಪ್ಪಲಿ ನೋಡಿ ಅವಳು ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ನಿನ್ನ ಅಧ್ಯಾಯ ನಾನು ಓದಿದೀನಿ," ಎಂದರು ಮೇಡಂ. "ನೀನು ಕೊಟ್ಟ ದಿವಸ ಸಾಯಂಕಾಲಾನೇ ಓದಿದೆ. ಎರಡು ಸಲ ಓದಿದೆ."

ನಾಚಿಕೆಗೆಟ್ಟ ಮನಸ್ಸು, ಅವಳಿಗೆ ಮೊದಲು ಆದದ್ದು ಸಂತೋಷ.

"ಚೆನ್ನಾಗಿ ಬರ್ದಿದೀಯ. ಅದೇ ಕಷ್ಟ ಆಗಿದ್ದು. ಆ ಊರು ಬಿಟ್ಟು ಹೋದ ಜನರ ಪುಟ ಓದಿ ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಗ್ರಾಫ್ ನೋಡಿದೆ." ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಏಳನೆಯ ಕೊಳವೆ ಪ್ಲಾಸ್ಟಿಕ್ ಬಿಚ್ಚಿಕೊಂಡು ಮಲಗಿತ್ತು. ಮೇಡಂ ಅದನ್ನು ಮುಟ್ಟದೆ ಬೆರಳು ತೋರಿಸಿದರು. "ಮೊದಲನೇ ಸಲ ಕಾಡು ದಿಢೀರ್ ಅಂತ ಹೋಗತ್ತಲ್ಲ, ಎಲ್ಲಿ?"

"ಏಳನೇ ಕೊಳವೆ ಶುರುವಾಗೋ ಕಡೆ."

"ಬೆಳೆದು ಮತ್ತೆ ದಿಢೀರ್ ಅಂತ ಹೋಗೋದು?"

"ಅದು ಮುಗಿಯೋ ಕಡೆ," ಎಂದಳು. ಹೇಳುತ್ತಿದ್ದಂತೆ ಅರ್ಥವಾಯಿತು. ಅಥವಾ, ಈಗ ಅರ್ಥವಾಯಿತು ಎಂದುಕೊಂಡಳು. ಕಳೆದ ವರ್ಷ ಒಂದು ಶುಕ್ರವಾರ ಆ ಎರಡು ಜಿಗಿತಗಳು ಕೊಳವೆಯ ಎರಡು ತುದಿಗಳ ಮೇಲೆಯೇ ಕರಾರುವಾಕ್ಕಾಗಿ ಕೂತಿದ್ದನ್ನು ನೋಡಿ ಅವಳ ಎದೆ ಒಂದು ಸಲ ಹೊಡೆದುಕೊಂಡಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಕೋಣೆಗೆ ಹೋಗಿ, ಅಂಚೆಯ ಹೆಂಗಸಿನ ಆರು ಎಪಿಸೋಡುಗಳನ್ನು ಒಂದೇ ಸಮನೆ ನೋಡಿದ್ದಳು. ಸೋಮವಾರದ ಹೊತ್ತಿಗೆ ಊರು ಬಿಟ್ಟು ಹೋದ ಜನ ಅವಳ ತಲೆಯಲ್ಲಿ ಹುಟ್ಟಿದ್ದರು.

"ಮರಳು ನೋಡು," ಎಂದರು ಮೇಡಂ. "ನೆರೆ ಬಂದಾಗ ದಪ್ಪ ಮರಳು ಮೊದಲು ತಳಕ್ಕೆ ಹೋಗತ್ತೆ, ನುಣ್ಣಗಿರೋದು ಆಮೇಲೆ ಅದರ ಮೇಲೆ ಕೂರತ್ತೆ. ಇದರಲ್ಲಿ ದಪ್ಪ ಮರಳು ಮೇಲಿದೆ. ಕೊಳವೆ ತಲೆಕೆಳಗಾಗಿದೆ ಕಣಮ್ಮ. ಕಾಡು ವಾಪಸ್ ಬಂದೇ ಇಲ್ಲ. ಎಲ್ಲ ಕಡೆ ಹಾಗೆ ಇಲ್ಲೂ ನಿಧಾನಕ್ಕೆ ಸವೆದಿದೆ, ಅಷ್ಟೇ." ಅವರು ಕುರ್ಚಿಯ ಮೇಲೆ ಕೂತರು. "ಯಾವ ತುದಿ ಮೇಲೆ ಅಂತ ಕೊಳವೆ ಮೇಲೆ ಬಾಣ ಹಾಕ್ತೀವಲ್ಲ. ಬಾಣ ಹಾಕಿದ್ದು ನಾನು. ಆವತ್ತಿನ ನೋಟ್‌ಬುಕ್ಕಲ್ಲೂ ಬರ್ದಿದೀನಿ, ಬಾಣಗಳು ನನ್ನವು ಅಂತ. ಮೂವತ್ತು ವರ್ಷ ಈ ಕೆಲಸ ಮಾಡಿ, ಒಂದು ಬಾಣ ಉಲ್ಟಾ ಹಾಕಿ ನಿನ್ನ ಮೂರು ವರ್ಷ ಹಾಳು ಮಾಡಿದೆ. ಹೇಳೋಣ ಅಂತ ಪ್ರತಿ ಶುಕ್ರವಾರ ಬಾಯಿ ತೆಗೀತೀನಿ. ನೀನು ಸ್ಟೇಪ್ಲರ್ ಕೇಳ್ತೀಯ. ಮನೆಗೆ ಹೋಗಿ ಆ ದರಿದ್ರ ಧಾರಾವಾಹಿ ಹಾಕ್ಕೊಂಡು ಕೂರ್ತೀನಿ. ಒಂದೂ ತಲೆಗೆ ಹೋಗಲ್ಲ."

ಒಂದು ಕವರಿನಿಂದ ಅವರು ಕಾಗದ ತೆಗೆದರು. ವಿಶ್ವವಿದ್ಯಾಲಯಕ್ಕೆ ಬರೆದ ಪತ್ರ. ಮಾರ್ಗದರ್ಶಕರ ಕೈತಪ್ಪಿನಿಂದ ಮಾದರಿಯ ಕ್ರಮ ಕೆಟ್ಟಿರುವುದರಿಂದ ವಿದ್ಯಾರ್ಥಿನಿಗೆ ಒಂದು ವರ್ಷ ಅವಧಿ ಹೆಚ್ಚಿಸಿಕೊಡಬೇಕು ಎಂದಿತ್ತು. "ಗೈಡ್ ತಪ್ಪು ಅಂದ್ರೆ ಕೊಡ್ತಾರೆ. ವಿದ್ಯಾರ್ಥಿ ತಪ್ಪು ಅಂದ್ರೆ ಕೊಡಲ್ಲ, ಅದು ನಿಯಮ. ನನಗೆ ಮುಂದಿನ ವರ್ಷ ನಿವೃತ್ತಿ. ಹೋಗ್ತಾ ಹೋಗ್ತಾ ಇದೊಂದು ಹೆಸರು. ಇರಲಿ ಬಿಡು, ಮಾಡಿದ್ದನ್ನ ಉಣ್ಣಬೇಕಲ್ಲ."

ಅವಳು ಕೊಳವೆಯ ತುದಿಯಲ್ಲಿದ್ದ ಕಪ್ಪು ಬಾಣವನ್ನು ನೋಡಿದಳು. ಸರೋವರದಿಂದ ಕೊಳವೆಗಳನ್ನು ಎತ್ತಿದ ದಿನ ದೋಣಿ ಬಹಳ ಅಲ್ಲಾಡುತ್ತಿತ್ತು. ಆರು ಕೊಳವೆಗಳಿಗೆ ಮೇಡಂ ತಾವೇ ಬಾಣ ಹಾಕಿದ್ದರು. ಏಳನೆಯದು ಮೇಲೆ ಬಂದಾಗ ನೀರು ಸಿಡಿದು ಅವರ ಕನ್ನಡಕ ಮಂಜಾಯಿತು. ಅವರು ಕೊಳವೆಯನ್ನು ದೋಣಿಯ ಈ ಕಡೆಗೆ ದಾಟಿಸಿ, ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತ, "ಇದೊಂದಕ್ಕೆ ನೀನೇ ಹಾಕು" ಎಂದಿದ್ದರು. ಪೆನ್ನಿನ ಮುಚ್ಚಳವನ್ನು ಅವಳು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಚಳಿಗೆ ಬೆರಳು ಮರಗಟ್ಟಿತ್ತು. ಕೊಳವೆ ಕೈ ಬದಲಾಗುವಾಗ ತಿರುಗಿತ್ತೋ ಇಲ್ಲವೋ ಎಂದು ಕೇಳಬೇಕೆಂದುಕೊಂಡಿದ್ದಳು, ಕೇಳಿದರೆ ದಡ್ಡಿ ಅಂದುಕೊಂಡಾರು ಎಂದು ಸುಮ್ಮನೆ ತನ್ನ ಕಡೆಗೆ ಒಂದು ಬಾಣ ಎಳೆದಿದ್ದಳು. ಆಮೇಲಿನ ಎರಡಕ್ಕೆ ಮತ್ತೆ ಮೇಡಂ ಅವರೇ ಹಾಕಿದರು. ಸಂಜೆ ನೋಟ್‌ಬುಕ್ ಬರೆಯುವಾಗ ಅವರಿಗೆ ನೆನಪಿರಲಿಲ್ಲ, ಈಗಲೂ ನೆನಪಿಲ್ಲ. ಅವಳಿಗೆ ಹಲ್ಲಿನಲ್ಲಿದ್ದ ಮುಚ್ಚಳದ ರುಚಿಯೂ ನೆನಪಿತ್ತು.

ಮೇಡಂ ಅವಳ ಮುಖವನ್ನೇ ನೋಡುತ್ತಿದ್ದರು. ಶಿಕ್ಷೆ ಕೇಳಲು ನಿಂತವರ ಮುಖ ಅದು. ಹೇಳುವುದಿದ್ದರೆ ಒಂದೇ ಮಾತು, ಮೂರು ಪದವೂ ಬೇಡ. ಅಮ್ಮನ ಎರಡು ತಿಂಗಳು, ಅಕ್ಕನ ಮನೆಯ ಲೋಟ ಬೀಳುವ ಸದ್ದು, ನಾನೂರ ಮೂವತ್ತು ಸ್ಲೈಡು ಎಲ್ಲ ಒಂದರ ಮೇಲೊಂದು ಬಂದು ಕೂತವು. ಅವಳ ಬಾಯಿ ತೆರೆದುಕೊಂಡಿತು.

"ಬಿಡಿ ಮೇಡಂ," ಎಂದಳು. "ಬೇಕು ಅಂತ ಮಾಡಿದ್ರಾ? ಯಾರ ಕೈಯಿಂದಾದ್ರೂ ಆಗತ್ತೆ."

ಮೇಡಂ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಅತ್ತರು. ಐದು ವರ್ಷದಲ್ಲಿ ಅವರು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅವರ ಅಂಗೈ ತಣ್ಣಗಿತ್ತು. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕ್ಷಮಿಸ್ತಿರಲಿಲ್ಲ ಕಣೇ," ಎಂದರು. ಮೊದಲ ಸಲ ‘ಕಣೇ’ ಎಂದರು. ಅವಳು ಅವರ ಭುಜ ತಟ್ಟಿದಳು, ಸಮಾಧಾನ ಮಾಡಿದಳು, ಕುಡಿಯಲು ನೀರು ತಂದುಕೊಟ್ಟಳು. ಕಣ್ಣು ಒರೆಸಿಕೊಂಡ ಮೇಲೆ ಮೇಡಂ ಪತ್ರವನ್ನು ಅವಳ ಮುಂದಕ್ಕೆ ಸರಿಸಿದರು. ಮೇಲಿನದೆಲ್ಲ ನಿಜವೆಂದು ವಿದ್ಯಾರ್ಥಿನಿಯೂ ಸಹಿ ಹಾಕಬೇಕಾದ ಜಾಗ ಕೆಳಗಿತ್ತು. ಮೇಡಂ ತಾವೇ ಮುಚ್ಚಳ ತೆಗೆದು ಪೆನ್ನು ಕೊಟ್ಟರು. ಅವಳು ಸಹಿ ಹಾಕಿದಳು.